ಕಿಟಕಿಗೆ ಯಾವ ಗಾಜು?

ಮನೆ ಕಟ್ಟುವಾಗ ಕೆಂಪುಕಲ್ಲನ್ನು ತಟ್ಟಿ ನೋಡುತ್ತೇವೆ. ಮರವನ್ನು ತಿರುಗಿಸಿ ನೋಡುತ್ತೇವೆ. ಸಿಮೆಂಟಿನ ಚೀಲದ ಮೇಲಿನ ತಾರೀಕು ಓದುತ್ತೇವೆ. ಗಾಜಿನ ಮಾತು ಬಂದಾಗ ಮಾತ್ರ "ಯಾವುದಾದರೂ ಹಾಕಿ" ಅಂತ ಹೇಳಿ ಬಿಡ್ತೇವೆ. ಎಲ್ಲ ಗಾಜೂ ಒಂದೇ ಅಂತ ನಮ್ಮ ಎಣಿಕೆ. ಅದು ಸರಿಯಲ್ಲ. ಗಾಜಿನಲ್ಲಿ ಹಲವು ಬಗೆ ಉಂಟು. ಒಂದು ಬಗೆ ಒಡೆದರೆ ಚೂರಿಯಾಗ್ತದೆ. ಇನ್ನೊಂದು ಒಡೆದರೂ ಕೆಳಗೆ ಬೀಳುವುದಿಲ್ಲ.

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುತ್ತದೆ. ಹೆಚ್ಚಿನ ಮಳೆ ಜೂನ್‌ನಿಂದ ಸೆಪ್ಟೆಂಬರ್ ತನಕ. ಗಾಳಿಗೆ ಕಿಟಕಿ ಬಾಗಿಲು ಪಟಪಟ ಬಡಿಯುತ್ತದೆ. ಬೇಸಿಗೆಯಲ್ಲಿ ಪಡುವಣ ಕೋಣೆ ಸಂಜೆಯ ತನಕ ಕಾಯುತ್ತದೆ. ಆದ್ದರಿಂದ ಗಾಜು ಆರಿಸುವಾಗ ಗಾಳಿ, ಮಳೆ, ಬಿಸಿಲು, ಮನೆಯ ಮಕ್ಕಳು, ಈ ನಾಲ್ಕನ್ನೂ ನೆನಪಿಡಬೇಕು.

ಗಾಜು ಆಗುವುದು ಹೇಗೆ?

ಮರಳು, ಸೋಡಾ, ಸುಣ್ಣದ ಕಲ್ಲು, ಇವನ್ನು ಕುಲುಮೆಯಲ್ಲಿ ಸುಮಾರು 1500 ಡಿಗ್ರಿ ಬಿಸಿಯಲ್ಲಿ ಕರಗಿಸುತ್ತಾರೆ. ಕರಗಿದ ಗಾಜನ್ನು ಕರಗಿದ ತವರದ ಮೇಲೆ ಹರಿಯಬಿಡುತ್ತಾರೆ. ನೀರಿನ ಮೇಲೆ ಎಣ್ಣೆ ತೇಲುವ ಹಾಗೆ ಅದು ಹರಡುತ್ತದೆ. ಆಗ ಎರಡೂ ಬದಿ ಸಮವಾಗ್ತದೆ. ಇದಕ್ಕೆ 'ಫ್ಲೋಟ್ ಗಾಜು' ಎಂದು ಹೆಸರು. ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ 1959ರಲ್ಲಿ ಈ ವಿಧಾನವನ್ನು ಲೋಕಕ್ಕೆ ತಿಳಿಸಿತು.

ಗಾಜಿನ ಬಗೆಗಳು

1. ಸಾದಾ ಗಾಜು: ಬೆಲೆ ಕಡಿಮೆ. ಬೇಕಾದ ಅಳತೆಗೆ ಅಂಗಡಿಯಲ್ಲೇ ಕೊಯ್ದು ಕೊಡುತ್ತಾರೆ. ಆದರೆ ಒಡೆದರೆ ಉದ್ದುದ್ದ ಚೂಪಾದ ಚೂರುಗಳಾಗುತ್ತವೆ.

2. ಟಫನ್ಡ್ ಗಾಜು: ಸಾದಾ ಗಾಜನ್ನು 600 ಡಿಗ್ರಿಗಿಂತ ಹೆಚ್ಚು ಕಾಯಿಸಿ, ಜೋರಾಗಿ ಗಾಳಿ ಊದಿ ಬೇಗನೆ ತಣಿಸುತ್ತಾರೆ. ಆಗ ಅದಕ್ಕೆ ನಾಲ್ಕು ಪಟ್ಟು ಬಲ ಬರುತ್ತದೆ. ಒಡೆದರೆ ಕಲ್ಲುಸಕ್ಕರೆಯ ಹಾಗೆ ಸಣ್ಣ ಸಣ್ಣ ತುಂಡಾಗುತ್ತದೆ. ಕಾರಿನ ಬದಿಯ ಗಾಜು ಸಾಮಾನ್ಯವಾಗಿ ಇದೇ.

3. ಲ್ಯಾಮಿನೇಟೆಡ್ ಗಾಜು: ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇಟ್ಟು ಅಂಟಿಸಿರುತ್ತಾರೆ. ಬಸ್ಸಿನ ಮುಂದಿನ ಗಾಜಿಗೆ ಕಲ್ಲು ಬಿದ್ದರೆ ಜೇಡರ ಬಲೆಯ ಹಾಗೆ ಬಿರುಕು ಬಿಡುತ್ತದೆ. ಆದರೆ ಚೂರು ಉದುರುವುದಿಲ್ಲ. ಪದರ ಅದನ್ನು ಹಿಡಿದುಕೊಳ್ಳುತ್ತದೆ.

4. ಪಿನ್‌ಹೆಡ್ ಗಾಜು: ಮೈಮೇಲೆ ಸಣ್ಣ ಉಬ್ಬುಗಳು ಇರುತ್ತವೆ. ಬೆಳಕು ಬರುತ್ತದೆ. ಒಳಗಿದ್ದವರು ಹೊರಗೆ ಸ್ಪಷ್ಟವಾಗಿ ಕಾಣುವುದಿಲ್ಲ.

5. ಬಣ್ಣದ ಗಾಜು, ಕನ್ನಡಿಯಂಥ ಗಾಜು: ಬಿಸಿಲು ಸ್ವಲ್ಪ ಕಡಿಮೆ ಆಗ್ತದೆ. ಕೋಣೆಯ ಬೆಳಕೂ ಕಡಿಮೆ ಆಗ್ತದೆ. ಕನ್ನಡಿಯಂಥ ಗಾಜು ಹಗಲು ಒಳಗಿನದನ್ನು ಮರೆಮಾಡುತ್ತದೆ. ರಾತ್ರಿ ಒಳಗೆ ದೀಪ ಹಾಕಿದರೆ ಹೊರಗಿನವರಿಗೆ ಒಳಗೆ ಕಾಣ್ತದೆ. ಪರದೆ ಬೇಕೇ ಬೇಕು.

ಯಾವ ಜಾಗಕ್ಕೆ ಯಾವುದು?

ಸರಳು ಇರುವ ಮರದ ಕಿಟಕಿಯ ಸಣ್ಣ ಬಾಗಿಲಿಗೆ 4 ಮಿಲಿಮೀಟರ್ ದಪ್ಪದ ಸಾದಾ ಗಾಜು ಸಾಕು. ಎಳೆಯುವ ದೊಡ್ಡ ಕಿಟಕಿಗೆ 5 ಮಿಲಿಮೀಟರ್ ಆದರೆ ಒಳ್ಳೆಯದು. ಬಚ್ಚಲಿಗೆ ಪಿನ್‌ಹೆಡ್.

ನೆಲದ ಹತ್ತಿರದಿಂದ ಶುರುವಾಗುವ ಕಿಟಕಿಗೆ, ಮೆಟ್ಟಿಲ ಬದಿಯ ಕಿಟಕಿಗೆ, ಗಾಜಿನ ಬಾಗಿಲಿಗೆ ಸಾದಾ ಗಾಜು ಬೇಡ. ಓಡಿ ಬಂದ ಮಗು ಅಲ್ಲಿಗೇ ಬಡಿಯುವುದು. ಅಲ್ಲಿ ಟಫನ್ಡ್ ಅಥವಾ ಲ್ಯಾಮಿನೇಟೆಡ್ ಹಾಕಿಸಿ. ಮಾಳಿಗೆಯ ಕಿಟಕಿಯ ಕೆಳಗೆ ಜನ ಓಡಾಡುವ ಅಂಗಳ ಇದ್ದರೆ ಲ್ಯಾಮಿನೇಟೆಡ್ ಮೇಲು. ಹೆದ್ದಾರಿ ಬದಿಯ ಮನೆಗೂ ಅದು ಒಳ್ಳೆಯದು. ಕಿಟಕಿಯಲ್ಲಿ ಸಂದು ಇಲ್ಲದಿದ್ದರೆ ಗಾಡಿಗಳ ಶಬ್ದ ಕಡಿಮೆ ಆಗ್ತದೆ.

ಇಡೀ ಮನೆಗೆ ದುಬಾರಿ ಗಾಜು ಬೇಕಾಗಿಲ್ಲ. ಅಪಾಯ ಇರುವ ಒಂದೆರಡು ಕಡೆ ಹಾಕಿದರೂ ಸಾಕು. ಪಡುವಣ ಬಿಸಿಲಿಗೆ ಮೊದಲು ಸನ್‌ಶೇಡ್ ಹಾಕಿಸಿ ಅಥವಾ ಬಿದಿರಿನ ತಟ್ಟಿ ಕಟ್ಟಿಸಿ. ಬಿಸಿಲನ್ನು ಹೊರಗೇ ತಡೆಯುವುದು ಜಾಣತನ. ಗಾಜು ಕಾದ ಮೇಲೆ ಕೋಣೆಯೂ ಕಾಯ್ತದೆ.

ಅಂಗಡಿಯಲ್ಲಿ

ಅಂಗಡಿಯವರು: ಅಕ್ಕಾ, ಇದು ಟಫನ್ಡ್. ತೆಗೊಂಡು ಹೋಗಿ. ಬಡಗಿ ಅಲ್ಲೇ ಕೊಯ್ದು ಕೂರಿಸ್ತಾರೆ.
ಗಿರಾಕಿ: ಟಫನ್ಡ್ ಗಾಜನ್ನು ಮತ್ತೆ ಕೊಯ್ಯಲಿಕ್ಕೆ ಆಗುವುದಿಲ್ಲ ಅಲ್ವಾ ಅಣ್ಣಾ? ಕೊಯ್ದರೆ ಪುಡಿಪುಡಿ ಆಗ್ತದಂತೆ.
ಅಂಗಡಿಯವರು: ಹೌದು, ಹೌದು. ಅಳತೆ ಕೊಡಿ. ಹಾಗಾದರೆ ಆರ್ಡರ್ ಮಾಡುವ.
ಗಿರಾಕಿ: ಮೂಲೆಯಲ್ಲಿ ಗುರುತು ಇರ್ತದಲ್ವಾ? ಬಂದಾಗ ಓದಿ ನೋಡ್ತೇನೆ. ಬಿಲ್ಲಿನಲ್ಲಿಯೂ 'ಟಫನ್ಡ್' ಅಂತ ಬರೆಯಿರಿ.

ಈ ಅಕ್ಕ ಜಗಳ ಮಾಡಲಿಲ್ಲ. ಕೇಳಿದರು, ಅಷ್ಟೇ. ಕೊಯ್ಯಲು ಆಗುವ ಗಾಜು ಟಫನ್ಡ್ ಅಲ್ಲ ಎಂದು ಅವರಿಗೆ ಗೊತ್ತಿತ್ತು. ಟಫನ್ಡ್ ಮತ್ತು ಲ್ಯಾಮಿನೇಟೆಡ್ ಗಾಜಿಗೆ ಸರಕಾರದ ಮಾನಕ ಉಂಟು. ಅದರ ಸಂಖ್ಯೆ ಐ.ಎಸ್. 2553. ಐ.ಎಸ್.ಐ. ಗುರುತಿನ ಜೊತೆ ಈ ಸಂಖ್ಯೆಯನ್ನು ಹುಡುಕಿ.

ಬಿಲ್ಲು ಮಲಯಾಳದಲ್ಲಿ ಇರಬಹುದು, ಇಂಗ್ಲಿಷಿನಲ್ಲಿ ಇರಬಹುದು. ಹೆದರಬೇಡಿ. ಅಂಕಿ ಎಲ್ಲ ಕಡೆ ಒಂದೇ. ದಪ್ಪ ಎಷ್ಟು, ಅಳತೆ ಎಷ್ಟು, ಚದರ ಅಡಿಗೆ ದರ ಎಷ್ಟು, ಈ ಮೂರು ನೋಡಿ. ಅಂಚಿಗೆ ಸ್ಕೇಲು ಹಿಡಿದು ದಪ್ಪ ಅಳೆಯಿರಿ. ಅಂಗಡಿಯವರು ಅಳತೆಯನ್ನು ಮೇಲಿನ ಅಂಕಿಗೆ ಏರಿಸಿ ಲೆಕ್ಕ ಮಾಡ್ತಾರಾ ಅಂತ ಮೊದಲೇ ಕೇಳಿ.

ಲೆಕ್ಕ ನೋಡೋಣ

ಕಿಟಕಿಗೆ ಮೂರು ಗಾಜು ಬೇಕು. ಒಂದೊಂದು ಗಾಜು 3 ಅಡಿ ಉದ್ದ, ಒಂದೂವರೆ ಅಡಿ ಅಗಲ.
ಒಂದು ಗಾಜಿಗೆ: 3 × 1½ = 4½ ಚದರ ಅಡಿ.
ಮೂರು ಗಾಜಿಗೆ: 4½ × 3 = 13½ ಚದರ ಅಡಿ.
ಲೆಕ್ಕಕ್ಕಾಗಿ ದರ 60 ರೂಪಾಯಿ ಅಂತ ಇಟ್ಟುಕೊಳ್ಳಿ. 13½ × 60 = 810 ರೂಪಾಯಿ.

4 ಮಿಲಿಮೀಟರ್ ದಪ್ಪವಾದರೆ ಇಂಥ ಒಂದು ಗಾಜು ಸುಮಾರು 4 ಕಿಲೋ ತೂಗುತ್ತದೆ. ದಪ್ಪ ಹೆಚ್ಚಾದರೆ ತೂಕವೂ ಹೆಚ್ಚು. ಕಿಟಕಿಯ ತಿರುಗಣೆ ಅದನ್ನು ಹೊರಬೇಕು.

ಕೂರಿಸುವಾಗ

ಗಾಜು ಚೌಕಟ್ಟಿಗಿಂತ ಎರಡು ಮೂರು ಮಿಲಿಮೀಟರ್ ಕಡಿಮೆ ಇರಲಿ. ಮಳೆಗಾಲದಲ್ಲಿ ಮರ ಉಬ್ಬುತ್ತದೆ. ಬಿಗಿಯಾಗಿ ಕೂರಿಸಿದ ಗಾಜು ಬಿರುಕು ಬಿಡಬಹುದು. ಹೊರಬದಿಯ ಸಂದಿಗೆ ಸಿಲಿಕಾನ್ ಹಾಕಿಸಿ. ನೀರು ಒಳಗೆ ಬರುವುದಿಲ್ಲ.

ಗಾಜು ಒಡೆದರೆ ಚಪ್ಪಲಿ ಹಾಕಿಕೊಂಡು ಗುಡಿಸಿ. ಚೂರುಗಳನ್ನು ದಪ್ಪ ಕಾಗದದಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಗೆ ಹಾಕಿ, ಮೇಲೆ 'ಗಾಜು' ಎಂದು ದೊಡ್ಡದಾಗಿ ಬರೆಯಿರಿ. ಹರಿತ ಕರ್ಮ ಸೇನೆಯ ಅಕ್ಕಂದಿರ ಕೈ ಕೊಯ್ಯಬಾರದು.

ಅಭ್ಯಾಸ

1. ಓದಿ, ಬರೆಯಿರಿ: ಗಾಜು, ದಪ್ಪ, ಅಳತೆ, ಚದರ ಅಡಿ, ಚೌಕಟ್ಟು.
2. 3 ಅಡಿ ಉದ್ದ, 2 ಅಡಿ ಅಗಲದ ಎರಡು ಗಾಜು ಬೇಕು. ದರ 60 ರೂಪಾಯಿ. ಒಟ್ಟು ಎಷ್ಟು? (ಉತ್ತರ: 720 ರೂಪಾಯಿ)
3. ನಿಮ್ಮ ಮನೆಯ ಒಂದು ಕಿಟಕಿಯ ಗಾಜನ್ನು ಅಳೆದು ಬರೆದುಕೊಂಡು ಬನ್ನಿ.
4. ನಿಮ್ಮ ಮನೆಯಲ್ಲಿ ಮಕ್ಕಳಿಗೆ ಅಪಾಯ ಆಗಬಹುದಾದ ಗಾಜು ಎಲ್ಲಿ ಉಂಟು? ಕೇಂದ್ರದಲ್ಲಿ ಎಲ್ಲರೂ ಸೇರಿ ಮಾತಾಡಿ.