‘ಆಟ’ ಕಲೆಯಾಗಬಲ್ಲದೇ? – ವಿಡಿಯೋ ಗೇಮ್ ಕುರಿತು 9ನೇ ತರಗತಿಯಲ್ಲಿ ಎರಡು ಅವಧಿಗಳ ಚರ್ಚಾ ಪಾಠ

ವಿಷಯದ ಆಯ್ಕೆ

ಬಿ.ಎಸ್ಸಿ., ಬಿ.ಇಡಿ. ಕೋರ್ಸಿನ ಬೋಧನಾಭ್ಯಾಸಕ್ಕಾಗಿ ಮಲೆನಾಡಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಮತ್ತು ಭೌತವಿಜ್ಞಾನದ ಪಾಠಗಳನ್ನು ಮಾಡುತ್ತಿದ್ದೆ. ಕಲಾ ಸಂಯೋಜಿತ ಕಲಿಕೆಯ ಒಂದು ಚಿಕ್ಕ ಘಟಕವನ್ನೂ ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿ ಯೋಜಿಸಿ ಬೋಧಿಸಬೇಕಿತ್ತು. ಗಣಿತದವರು ಇದಕ್ಕೆ ಸಾಮಾನ್ಯವಾಗಿ ರಂಗೋಲಿಯಲ್ಲಿ ಸಮಮಿತಿ, ಕಸೂತಿಯಲ್ಲಿ ವಿನ್ಯಾಸ ಎಂಬಂಥ ವಿಷಯಗಳನ್ನು ಆಯ್ದುಕೊಳ್ಳುತ್ತೇವೆ. ಅವು ಒಳ್ಳೆಯ ಪಾಠಗಳೇ. ಆದರೆ ರಂಗೋಲಿ ಕಲೆಯೆಂಬುದನ್ನು ಯಾರೂ ಪ್ರಶ್ನಿಸುವುದಿಲ್ಲವಾದ್ದರಿಂದ ‘ಕಲೆ ಎಂದರೇನು’ ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಆ ಪ್ರಶ್ನೆಯನ್ನೇ ಮಕ್ಕಳ ಮುಂದಿಡಬೇಕಾದರೆ ಅವರಿಗೆ ಚೆನ್ನಾಗಿ ಗೊತ್ತಿರುವ, ದೊಡ್ಡವರು ಕಲೆಯೆಂದು ಒಪ್ಪಲು ಹಿಂಜರಿಯುವ ವಸ್ತು ಬೇಕು. ವಿಡಿಯೋ ಗೇಮ್ ಅಂಥ ವಸ್ತು.

ಯೋಜನೆಯನ್ನು ತೋರಿಸಿದಾಗ ಶಾಲೆಯ ಮಾರ್ಗದರ್ಶಕ ಶಿಕ್ಷಕರು ಒಂದು ನೇರವಾದ ಆಕ್ಷೇಪವೆತ್ತಿದರು: “ಮೊಬೈಲ್ ಬಿಡಿಸೋದೇ ಕಷ್ಟ. ಇನ್ನು ಅದು ಕಲೆ ಅಂತ ಹೇಳಿಕೊಟ್ಟರೆ ಮಕ್ಕಳ ಕೈಗೆ ನಾವೇ ನೆಪ ಕೊಟ್ಟ ಹಾಗೆ ಆಗಲ್ವಾ?” ಪಾಠದ ರಚನೆಯನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ಈ ಆಕ್ಷೇಪವೇ. ಆದ್ದರಿಂದ ‘ಕಲೆಯೇ?’ ಮತ್ತು ‘ಒಳ್ಳೆಯದೇ?’ ಎಂಬ ಎರಡು ಪ್ರಶ್ನೆಗಳನ್ನು ಬಿಡಿಸಿ ನೋಡುವುದನ್ನೇ ಒಂದು ಉದ್ದೇಶವಾಗಿ ಬರೆದುಕೊಂಡೆ.

ಕಲಿಕಾ ಉದ್ದೇಶಗಳು

1. ‘ವಿಡಿಯೋ ಗೇಮ್ ಕಲೆಯೇ?’ ಎಂಬ ಪ್ರಶ್ನೆಯೊಳಗಿನ ಬೇರೆ ಬೇರೆ ಪ್ರಶ್ನೆಗಳನ್ನು ವಿದ್ಯಾರ್ಥಿ ಗುರುತಿಸುವುದು.
2. ತಾನು ಒಪ್ಪದ ಪಕ್ಷದ ಅತ್ಯಂತ ಬಲವಾದ ವಾದವನ್ನು ಸರಿಯಾಗಿ ಹೇಳಿ, ಅದಕ್ಕೆ ಉತ್ತರ ಕೊಡುವುದು.
3. ಟೆಟ್ರಿಸ್ ಆಟದ ಆಕಾರಗಳನ್ನು ಬಳಸಿ ಒಂದು ಸರಳ ಗಣಿತ ಸಾಧನೆಯನ್ನು ಮಾಡುವುದು.

ವಿಧಾನದ ಬಗ್ಗೆ

ಹೊಸ ಪರಿಕಲ್ಪನೆ ಎಂದಾಗ ನಮಗೆ ಮೊದಲು ನೆನಪಾಗುವುದು ಬ್ರೂನರ್ ಅವರ ಕೆಲಸವನ್ನು ಆಧರಿಸಿದ ಪರಿಕಲ್ಪನಾ ಪ್ರಾಪ್ತಿ ಮಾದರಿ. ಹೌದು–ಅಲ್ಲ ಉದಾಹರಣೆಗಳನ್ನು ಕೊಡುತ್ತಾ ಹೋಗುತ್ತೇವೆ. ಮಕ್ಕಳು ಸಾಮಾನ್ಯ ಲಕ್ಷಣಗಳನ್ನು ತಾವೇ ಕಂಡುಕೊಳ್ಳುತ್ತಾರೆ. ತ್ರಿಭುಜಕ್ಕೆ, ಸಸ್ತನಿಗೆ ಇದು ಸೊಗಸಾಗಿ ಹೊಂದುತ್ತದೆ. ಆದರೆ ಅಲ್ಲಿ ಯಾವುದು ‘ಹೌದು’, ಯಾವುದು ‘ಅಲ್ಲ’ ಎಂಬುದು ಶಿಕ್ಷಕರಿಗೆ ಮೊದಲೇ ಖಚಿತವಾಗಿ ಗೊತ್ತಿರಬೇಕು. ಕಲೆಯ ವಿಷಯದಲ್ಲಿ ಆ ಖಚಿತತೆ ಇಲ್ಲ. ತತ್ತ್ವಜ್ಞಾನಿ ವಿಟ್ಗೆನ್‌ಸ್ಟೈನ್ 1953ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ, ಒಂದೇ ಸಾಮಾನ್ಯ ಲಕ್ಷಣವಿಲ್ಲದೆ ಒಂದು ಕುಟುಂಬದವರ ಮುಖಗಳಂತೆ ಅಲ್ಲಲ್ಲಿ ಹೋಲುವ ಸಂಗತಿಗಳಿಗೆ ಕೊಟ್ಟ ಉದಾಹರಣೆ ‘ಆಟ’ವೇ. 1956ರಲ್ಲಿ ಮಾರಿಸ್ ವೈಟ್ಸ್ ಅದೇ ವಿಚಾರವನ್ನು ‘ಕಲೆ’ಗೆ ಅನ್ವಯಿಸಿ, ಅದು ತೆರೆದ ಪರಿಕಲ್ಪನೆ, ಹೊಸ ಕೃತಿ ಬಂದಾಗಲೆಲ್ಲ ಅದರ ಗಡಿಯ ಬಗ್ಗೆ ಮತ್ತೆ ತೀರ್ಮಾನಿಸಬೇಕಾಗುತ್ತದೆ ಎಂದು ವಾದಿಸಿದರು. ಎರಡು ತೆರೆದ ಪರಿಕಲ್ಪನೆಗಳು ಒಂದೇ ಪ್ರಶ್ನೆಯಲ್ಲಿ ಸೇರಿರುವಾಗ ವ್ಯಾಖ್ಯೆ ಬರೆಸುವುದಕ್ಕಿಂತ ರಚನಾತ್ಮಕ ಚರ್ಚೆಯೇ ಸೂಕ್ತವೆಂದು ತೀರ್ಮಾನಿಸಿದೆ.

ಮೊದಲ ಅವಧಿ: ಕಾಗದದ ಟೆಟ್ರಿಸ್

ತರಗತಿಯಲ್ಲಿ ಎಲ್ಲರೂ ಗೇಮ್ ಆಡಿದವರಲ್ಲ. ಗಂಡುಮಕ್ಕಳು ಫ್ರೀ ಫೈರ್, ಸಬ್‌ವೇ ಸರ್ಫರ್ಸ್ ಎಂದು ಪಟಪಟನೆ ಹೆಸರು ಹೇಳುತ್ತಿದ್ದರೆ, ಹೆಣ್ಣುಮಕ್ಕಳಲ್ಲಿ ಹಲವರು ಲೂಡೊ ಬಿಟ್ಟರೆ ಬೇರೇನೂ ಆಡಿರಲಿಲ್ಲ. ಮೊಬೈಲ್ ಇಲ್ಲದ ಮಗುವೂ ಸಮನಾಗಿ ಭಾಗವಹಿಸಬೇಕಾದರೆ ಆಟವನ್ನು ಕಾಗದಕ್ಕೆ ಇಳಿಸಬೇಕಿತ್ತು. ಟೆಟ್ರಿಸ್ ಇದಕ್ಕೆ ಹೇಳಿ ಮಾಡಿಸಿದಂತಿದೆ. 1984ರಲ್ಲಿ ಮಾಸ್ಕೋದಲ್ಲಿ, ಸೋವಿಯತ್ ವಿಜ್ಞಾನ ಅಕಾಡೆಮಿಯ ಕಂಪ್ಯೂಟರ್ ಕೇಂದ್ರದಲ್ಲಿದ್ದ ಅಲೆಕ್ಸಿ ಪಜಿಟ್ನೊವ್ ಇದನ್ನು ರೂಪಿಸಿದರು. ಅವರು ಬಳಸಿದ ಎಲೆಕ್ಟ್ರೋನಿಕಾ 60 ಯಂತ್ರಕ್ಕೆ ಚಿತ್ರ ಬರೆಯುವ ಸಾಮರ್ಥ್ಯವೇ ಇರಲಿಲ್ಲ. ಚೌಕಗಳನ್ನು ಆವರಣ ಚಿಹ್ನೆಗಳಿಂದ ಮೂಡಿಸಿದ್ದರು.

ಗ್ರಾಫ್ ಹಾಳೆ, ಕತ್ತರಿ ಕೊಟ್ಟು ‘ನಾಲ್ಕು ಚೌಕಗಳನ್ನು ಅಂಚಿಗೆ ಅಂಚು ಸೇರಿಸಿ ಎಷ್ಟು ಆಕಾರ ಮಾಡಬಹುದು?’ ಎಂದು ಕೇಳಿದೆ. ಕೆಲವು ಗುಂಪುಗಳು 5 ಎಂದವು, ಕೆಲವು 7 ಎಂದವು. ಎರಡೂ ಸರಿ. ಕಾಗದದ ತುಂಡನ್ನು ಮಗುಚಿ ಹಾಕಬಹುದಾದರೆ 5. ಪರದೆಯ ಮೇಲಿನಂತೆ ತಿರುಗಿಸಲು ಮಾತ್ರ ಅವಕಾಶವಿದ್ದರೆ 7. ಪ್ರತಿಫಲನ ಮತ್ತು ಪರಿಭ್ರಮಣದ ವ್ಯತ್ಯಾಸವನ್ನು ನಾನು ಬೇರೆ ವಿವರಿಸಬೇಕಾಗಿ ಬರಲಿಲ್ಲ.

ಮುಂದಿನ ಚಟುವಟಿಕೆ: 7 ತುಂಡುಗಳಲ್ಲಿ ಒಟ್ಟು 28 ಚೌಕಗಳಿವೆ, 4×7 ಆಯತದಲ್ಲೂ 28 ಚೌಕಗಳಿವೆ. ಹಾಗಾದರೆ ತುಂಡುಗಳಿಂದ ಆಯತವನ್ನು ಪೂರ್ತಿ ಮುಚ್ಚಿ. ಹತ್ತು ನಿಮಿಷ ಎಲ್ಲ ಗುಂಪುಗಳೂ ಹೆಣಗಿದವು. ಆಮೇಲೆ ಆಯತಕ್ಕೆ ಚದುರಂಗದ ಮಣೆಯಂತೆ ಕಪ್ಪು–ಬಿಳುಪು ಬಣ್ಣ ಹಾಕಲು ಹೇಳಿದೆ. 14 ಕಪ್ಪು, 14 ಬಿಳಿ ಬಂತು. ಈಗ ಪ್ರತಿ ತುಂಡು ಎಷ್ಟು ಕಪ್ಪು, ಎಷ್ಟು ಬಿಳಿ ಮುಚ್ಚುತ್ತದೆ ಎಂದು ಎಣಿಸಿದರೆ ಆರು ತುಂಡುಗಳು ಎರಡೆರಡು ಮುಚ್ಚುತ್ತವೆ, ‘ಟಿ’ ಆಕಾರದ ತುಂಡು ಮಾತ್ರ ಒಂದು ಬಣ್ಣದ 3, ಇನ್ನೊಂದರ 1 ಮುಚ್ಚುತ್ತದೆ. ಒಟ್ಟು 15 ಮತ್ತು 13. ಎಂದೆಂದಿಗೂ 14–14 ಆಗದು, ಆಯತ ಮುಚ್ಚದು. ಹಿಂದಿನ ಬೆಂಚಿನಿಂದ ಒಬ್ಬ “ಅಯ್ಯೋ, ಟಿ ಒಂದೇ ಕೆಡಿಸ್ತಿರೋದು!” ಎಂದಾಗ ಇಡೀ ತರಗತಿ ನಕ್ಕಿತು. ಸಾಧನೆ ಎಲ್ಲರಿಗೂ ತಲುಪಿತ್ತು.

ಅವಧಿಯ ಕೊನೆಯಲ್ಲಿ ಒಂದೇ ಪ್ರಶ್ನೆ ಕೇಳಿದೆ: “ಈ ತುಂಡುಗಳಲ್ಲಿ ಚಿತ್ರವಿಲ್ಲ, ಹಾಡಿಲ್ಲ, ಕಥೆಯಿಲ್ಲ. ಆದರೂ ಹತ್ತು ನಿಮಿಷ ನಿಮ್ಮನ್ನು ಹಿಡಿದಿಟ್ಟಿದ್ದು ಏನು?” ಉತ್ತರವನ್ನು ಮನೆಯಲ್ಲಿ ಯೋಚಿಸಿ ಬರಲು ಹೇಳಿದೆ.

ಎರಡನೆಯ ಅವಧಿ: ವಾದ, ಪ್ರತಿವಾದ

ಕಪ್ಪು ಹಲಗೆಯ ಮೇಲೆ ನಾಲ್ಕು ಪ್ರಶ್ನೆ ಬರೆದೆ. ಗೇಮ್‌ನ ಒಳಗೆ ಕಲೆ ಇದೆಯೇ? ಗೇಮ್‌ನ ನಿಯಮವೇ ಕಲೆಯೇ? ಆಡುವವರು ಮಾಡುವುದು ಕಲೆಯೇ? ಗೇಮ್ ಒಳ್ಳೆಯದೇ?

ಮೊದಲನೆಯದಕ್ಕೆ ಎಲ್ಲರೂ ಹೌದೆಂದರು. ಹಿನ್ನೆಲೆಯ ಚಿತ್ರ, ಸಂಗೀತ ಕಲೆಯೇ ಸರಿ. 2012ರ ‘ಜರ್ನಿ’ ಎಂಬ ಗೇಮ್‌ಗೆ ಆಸ್ಟಿನ್ ವಿಂಟರಿ ಮಾಡಿದ ಸಂಗೀತ ಗ್ರ್ಯಾಮಿ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತ್ತು ಎಂದು ತಿಳಿಸಿದೆ. ಆದರೆ ಇದರಿಂದ ಗೇಮ್ ಕಲೆಯಾಯಿತೆನ್ನಲು ಸಾಧ್ಯವೇ? ಇಲ್ಲಿ ಮೈಸೂರು ಗಂಜೀಫಾ ಎಲೆಗಳ ಚಿತ್ರ ತೋರಿಸಿದೆ. ಆಟಗಳಲ್ಲಿ ಅಪಾರ ಆಸಕ್ತಿಯಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ‘ಶ್ರೀತತ್ತ್ವನಿಧಿ’ಯಲ್ಲಿ ಕೌತುಕನಿಧಿ ಎಂಬ ಭಾಗವನ್ನೇ ಆಟಗಳಿಗೆ ಮೀಸಲಿಟ್ಟರು. ಇಂದು ಗಂಜೀಫಾ ಎಲೆಯ ಚಿತ್ರವನ್ನು ಕಲೆಯೆಂದು ಚೌಕಟ್ಟು ಹಾಕಿಸುತ್ತೇವೆ. ಅದರಲ್ಲಿ ಆಡಲು ಬಲ್ಲವರು ವಿರಳ. ಅಂದರೆ ಚಿತ್ರ ಕಲೆಯಾಗಿ ಉಳಿಯಿತು, ಆಟ ಮರೆಯಾಯಿತು. ಹಾಗಾಗಿ ನಿಜವಾದ ಪ್ರಶ್ನೆ ಎರಡನೆಯದು ಮತ್ತು ಮೂರನೆಯದು.

ವಿರೋಧದ ವಾದವನ್ನು ಅಮೆರಿಕದ ಪ್ರಸಿದ್ಧ ಚಲನಚಿತ್ರ ವಿಮರ್ಶಕ ರೋಜರ್ ಈಬರ್ಟ್ ಅವರಿಂದ ತೆಗೆದುಕೊಂಡೆ. 2005ರಲ್ಲಿ ಅವರು, ಗಂಭೀರ ಸಾಹಿತ್ಯಕ್ಕೆ, ಸಿನಿಮಾಕ್ಕೆ ಕರ್ತೃವಿನ ಹಿಡಿತ ಬೇಕು. ಆಡುವವನ ಆಯ್ಕೆಗೆ ಬಿಟ್ಟ ಗೇಮ್‌ನಲ್ಲಿ ಅದಿಲ್ಲ ಎಂದರು. 2010ರ ಏಪ್ರಿಲ್‌ನಲ್ಲಿ ಇನ್ನೊಂದು ವಾದ ಸೇರಿಸಿದರು: ಆಟಕ್ಕೆ ನಿಯಮ, ಅಂಕ, ಗುರಿ ಇರುತ್ತವೆ, ಆಟವನ್ನು ಗೆಲ್ಲಬಹುದು, ಕಲೆಯನ್ನು ಅನುಭವಿಸಬಹುದಷ್ಟೆ. ಒಬ್ಬ ವಿದ್ಯಾರ್ಥಿ ಇದನ್ನು ತನ್ನದೇ ಮಾತಿನಲ್ಲಿ ಹೇಳಿದ: “ಗೆದ್ರೂ ಖುಷಿ ಆಗತ್ತೆ, ಚಿತ್ರ ನೋಡಿದ್ರೂ ಖುಷಿ ಆಗತ್ತೆ ಮಿಸ್. ಆದ್ರೆ ಅದು ಬೇರೆ ಖುಷಿ.”

ಮೊದಲ ವಾದಕ್ಕೆ ಉತ್ತರ ಮಕ್ಕಳ ಊರಿನಲ್ಲೇ ಇತ್ತು. ಈ ಭಾಗದಲ್ಲಿ ‘ಆಟಕ್ಕೆ ಹೋಗೋದು’ ಎಂದರೆ ಯಕ್ಷಗಾನಕ್ಕೆ ಹೋಗುವುದು. ಬಯಲಾಟ, ತೊಗಲುಗೊಂಬೆಯಾಟ ಎಂಬ ಮಾತುಗಳೂ ಇವೆ. ಪದ ಒಂದೇ ಆದ ಮಾತ್ರಕ್ಕೆ ಸಂಗತಿ ಒಂದೇ ಆಗುವುದಿಲ್ಲ ಎಂದು ಮೊದಲೇ ಎಚ್ಚರಿಸಿ, ತಾಳಮದ್ದಳೆಯತ್ತ ಗಮನ ಸೆಳೆದೆ. ಭಾಗವತರು ಹಾಡುವ ಪದ್ಯ ಕವಿಯದು. ಆದರೆ ಅರ್ಥಧಾರಿ ಆಡುವ ಮಾತು ಅಲ್ಲೇ, ಆಗಲೇ ಹುಟ್ಟುವಂಥದ್ದು. ಎದುರಾಳಿ ಏನು ಹೇಳುತ್ತಾನೋ ಅದರ ಮೇಲೆ ನಿಂತಿದೆ. ಪ್ರಸಂಗಕರ್ತನಿಗೆ ಅದರ ಮೇಲೆ ಹಿಡಿತವಿಲ್ಲ. ಆದರೂ ತಾಳಮದ್ದಳೆಯನ್ನು ಕಲೆಯಲ್ಲ ಎನ್ನುವವರಿಲ್ಲ. ಆದ್ದರಿಂದ ಆಯ್ಕೆಗೆ ಅವಕಾಶವಿದೆ ಎಂಬುದೊಂದೇ ಗೇಮನ್ನು ಕಲೆಯಿಂದ ಹೊರಗಿಡಲು ಸಾಲದು.

ಆಗ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, “ಆದ್ರೆ ಮಿಸ್, ಕೌರವ ಎಷ್ಟು ಚೆನ್ನಾಗಿ ಮಾತಾಡಿದ್ರೂ ಕೊನೆಗೆ ಗೆಲ್ಲೋಕಾಗಲ್ಲ. ಗೇಮ್‌ನಲ್ಲಿ ಗೆಲ್ಲಬಹುದು” ಎಂದಳು. ಅವಳ ತಂದೆ ಹವ್ಯಾಸಿ ಅರ್ಥಧಾರಿ ಎಂದು ಆಮೇಲೆ ತಿಳಿಯಿತು. ಈಬರ್ಟ್ ಅವರ ಎರಡನೆಯ ವಾದವನ್ನು ಇದಕ್ಕಿಂತ ಚೆನ್ನಾಗಿ ಮಂಡಿಸುವುದು ಕಷ್ಟ.

ಇದಕ್ಕೆ ಎರಡು ಉದಾಹರಣೆ ಮುಂದಿಟ್ಟೆ. ಒಂದು, ನಿನ್ನೆಯ ಟೆಟ್ರಿಸ್ಸೇ. ಮೂಲ ರೂಪದಲ್ಲಿ ಅದಕ್ಕೆ ಗೆಲುವಿನ ಕೊನೆಯಿಲ್ಲ. ತುಂಡುಗಳು ಬೀಳುತ್ತಲೇ ಇರುತ್ತವೆ, ರಾಶಿ ಮೇಲಕ್ಕೆ ಮುಟ್ಟಿದಾಗ ಆಟ ಮುಗಿಯುತ್ತದೆ. ತುಂಡುಗಳು ಯಾದೃಚ್ಛಿಕವಾಗಿ ಬರುವುದಾದರೆ ಎಷ್ಟೇ ಜಾಣ ಆಟಗಾರನೂ ಕೊನೆಗೆ ಸೋಲಲೇಬೇಕೆಂದು 1997ರಲ್ಲಿ ಹೈಡಿ ಬರ್ಗೀಲ್ ಗಣಿತದಿಂದ ಸಾಧಿಸಿದರು. ಇನ್ನೊಂದು, ಜೇಸನ್ ರೋರರ್ 2007ರಲ್ಲಿ ಮಾಡಿದ ‘ಪ್ಯಾಸೇಜ್’. ಇದು ಐದೇ ನಿಮಿಷದ ಗೇಮ್; ಲ್ಯಾಪ್‌ಟಾಪಿನಲ್ಲಿ ತೋರಿಸಿದೆ, ಒಬ್ಬ ವಿದ್ಯಾರ್ಥಿ ಬಾಣದ ಕೀಲಿಗಳನ್ನು ಒತ್ತಿದ. ಪಟ್ಟಿಯಂಥ ಚಿಕ್ಕ ಪರದೆಯಲ್ಲಿ ಒಬ್ಬ ಮನುಷ್ಯ ನಡೆಯುತ್ತಾನೆ. ದಾರಿಯಲ್ಲಿ ಸಿಗುವ ಹೆಂಗಸನ್ನು ಜೊತೆ ಮಾಡಿಕೊಳ್ಳಬಹುದು, ಬಿಡಬಹುದು. ಜೊತೆಯಾದರೆ ಇಕ್ಕಟ್ಟಾದ ಕೆಲವು ದಾರಿಗಳಲ್ಲಿ ಇಬ್ಬರೂ ನುಗ್ಗಲಾಗದು. ಅಲ್ಲಿನ ಪೆಟ್ಟಿಗೆಗಳು ಸಿಗವು. ನಡೆಯುತ್ತ ನಡೆಯುತ್ತ ಕೂದಲು ನೆರೆಯುತ್ತದೆ. ಅವಳು ಸಾಯುತ್ತಾಳೆ, ಆಮೇಲೆ ಇವನು. ಅಂಕ ಎಷ್ಟೇ ಇರಲಿ, ಕೊನೆ ಒಂದೇ.

ಅವಳ ಜಾಗದಲ್ಲಿ ಗೋರಿಕಲ್ಲು ಕಂಡಾಗ ಕೀಲಿ ಒತ್ತುತ್ತಿದ್ದ ಹುಡುಗ ಕೈ ಎತ್ತಿಬಿಟ್ಟ. “ಮುಂದೆ ಹೋಗೋ” ಎಂದು ಗೆಳೆಯರು ಹೇಳಿದರೂ ಸ್ವಲ್ಪ ಹೊತ್ತು ಮುಟ್ಟಲಿಲ್ಲ. ಈ ಕಥೆಯನ್ನು ನಾನು ಬಾಯಲ್ಲಿ ಹೇಳಿದ್ದರೆ ಅದು ಸಾಧಾರಣ ಕಥೆ. ಇಲ್ಲಿ ಪರಿಣಾಮ ಮಾಡಿದ್ದು ನಿಯಮ: ಜೊತೆಯಿದ್ದರೆ ಕೆಲವು ದಾರಿ ಮುಚ್ಚುತ್ತದೆ ಎಂಬ ನಿಯಮ, ಆಯ್ಕೆಯನ್ನು ತಾನೇ ಮಾಡಿದ್ದು ಎಂಬ ಅರಿವು. ಎರಡನೆಯ ಪ್ರಶ್ನೆಗೆ ‘ಹೌದು, ಸಾಧ್ಯ’ ಎನ್ನಲು ನನಗಿರುವ ಆಧಾರ ಇದು.

ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ 2012ರಲ್ಲಿ ಟೆಟ್ರಿಸ್, ಪ್ಯಾಸೇಜ್, ಪ್ಯಾಕ್‌ಮ್ಯಾನ್ ಸೇರಿ 14 ಗೇಮ್‌ಗಳನ್ನು ತನ್ನ ಸಂಗ್ರಹಕ್ಕೆ ತೆಗೆದುಕೊಂಡದ್ದನ್ನೂ ಹೇಳಿದೆ. ಆದರೆ ಅವು ಸೇರಿದ್ದು ವಾಸ್ತುಶಿಲ್ಪ ಮತ್ತು ವಿನ್ಯಾಸ ವಿಭಾಗಕ್ಕೆ. ಕುರ್ಚಿ, ದೀಪಗಳನ್ನೂ ಸಂಗ್ರಹಿಸುವ ವಿಭಾಗ ಅದು. ಮ್ಯೂಸಿಯಂ ಇಟ್ಟುಕೊಂಡಿದೆ ಎಂಬುದನ್ನು ವಾದವನ್ನು ಮುಗಿಸುವ ತೀರ್ಪಾಗಿ ಬಳಸಬಾರದೆಂದು ಈ ವಿವರವನ್ನು ಸೇರಿಸಿದೆ.

ನಾಲ್ಕನೆಯ ಪ್ರಶ್ನೆ

‘ಒಳ್ಳೆಯದೇ?’ ಎಂಬುದನ್ನು ಕೊನೆಗೆ ತೆಗೆದುಕೊಂಡೆವು. ಸಿನಿಮಾ ಕಲೆಯೆಂದು ಒಪ್ಪಿದವರೂ ಪರೀಕ್ಷೆಯ ಹಿಂದಿನ ರಾತ್ರಿ ಮೂರು ಸಿನಿಮಾ ನೋಡಲು ಬಿಡುವುದಿಲ್ಲ. ಕಲೆ ಎಂಬುದು ಸಮಯಕ್ಕೂ ಹಣಕ್ಕೂ ರಹದಾರಿ ಅಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಆ ಕಾಯ್ದೆ ಕೇಳುವುದು ಹಣದ ಪ್ರಶ್ನೆಯನ್ನು, ಕಲೆಯ ಪ್ರಶ್ನೆಯನ್ನಲ್ಲ. ಮಾರ್ಗದರ್ಶಕ ಶಿಕ್ಷಕರ ಆಕ್ಷೇಪಕ್ಕೆ ನನ್ನ ಉತ್ತರವೂ ಇದೇ: ಎರಡು ಪ್ರಶ್ನೆಗಳನ್ನು ಬೇರ್ಪಡಿಸಲು ಬಲ್ಲ ಮಗುವಿಗೆ ನೆಪ ಹೇಳುವುದು ಕಷ್ಟವಾಗುತ್ತದೆ, ಸುಲಭವಲ್ಲ.

ಮೌಲ್ಯಮಾಪನ

ಎಂಟು ಸಾಲಿನ ಬರಹ: ಒಂದು ಪಕ್ಷ ವಹಿಸಿ, ಎದುರು ಪಕ್ಷದ ಅತ್ಯಂತ ಬಲವಾದ ವಾದವನ್ನು ಬರೆದು, ಅದಕ್ಕೆ ಉತ್ತರಿಸಿ. ಯಾವ ಪಕ್ಷ ಎಂಬುದಕ್ಕೆ ಅಂಕವಿಲ್ಲ. ನಿಲುವಿನ ಸ್ಪಷ್ಟತೆ, ಎದುರು ವಾದದ ನಿಷ್ಠೆ, ಉತ್ತರ, ಉದಾಹರಣೆ – ಈ ನಾಲ್ಕಕ್ಕೆ ತಲಾ ಎರಡು ಅಂಕ. ಹೆಚ್ಚಿನವರಿಗೆ ಕಷ್ಟವಾದದ್ದು ಎದುರು ವಾದವನ್ನು ಬಲವಾಗಿ ಬರೆಯುವುದು.

ಒಂದು ಬರಹ ಈ ನಾಲ್ಕು ಪ್ರಶ್ನೆಗಳಲ್ಲಿ ಯಾವುದಕ್ಕೂ ಸೇರದ ಐದನೆಯದನ್ನು ಎತ್ತಿತು. ಒಬ್ಬ ವಿದ್ಯಾರ್ಥಿನಿ ಬರೆದಿದ್ದಳು: “ಮನೆಯಲ್ಲಿ ಅಣ್ಣನಿಗೆ ಮೊಬೈಲ್ ಕೊಡುತ್ತಾರೆ, ನನಗೆ ಕೊಡುವುದಿಲ್ಲ. ಗೇಮ್ ಕೆಟ್ಟದ್ದಾದರೆ ಅವನಿಗೇಕೆ ಕೊಡುತ್ತಾರೆ? ಕಲೆಯಾದರೆ ನನಗೇಕೆ ಇಲ್ಲ?” ಒಂದು ವಸ್ತುವನ್ನು ಕಲೆ ಎಂದು ಕರೆಯುವುದು ಬರಿಯ ಹೆಸರಿನ ಮಾತಲ್ಲ, ಅದು ಯಾರಿಗೆಲ್ಲ ಸಿಗಬೇಕೆಂಬ ಹಕ್ಕಿನ ಮಾತೂ ಹೌದು ಎಂದು ಈ ಮೂರು ಸಾಲು ತೋರಿಸುತ್ತವೆ. ಅವಳ ಅನುಮತಿ ಪಡೆದು, ಹೆಸರು ಹೇಳದೆ ತರಗತಿಯಲ್ಲಿ ಓದಿದೆ. ಅಣ್ಣಂದಿರು ಆ ದಿನ ಹೆಚ್ಚು ಮಾತಾಡಲಿಲ್ಲ.

ಮುಂದೆ ಈ ಪಾಠ ಮಾಡುವವರಿಗೆ

ಕಾಗದದ ಚಟುವಟಿಕೆಯನ್ನು ಬಿಡಬೇಡಿ. ಆಡಿದ ಅನುಭವ ಎಲ್ಲರಿಗೂ ಸಮನಾಗಿ ಸಿಗುವುದು ಅದರಿಂದಲೇ. ‘ಪ್ಯಾಸೇಜ್’ ತೋರಿಸುವಾಗ ಮೊದಲೇ ಕಥೆ ಹೇಳಬೇಡಿ. ಇತ್ತೀಚೆಗೆ ಮನೆಯಲ್ಲಿ ಸಾವಾಗಿರುವ ಮಕ್ಕಳಿದ್ದಾರೆಯೇ ಎಂದು ತರಗತಿ ಶಿಕ್ಷಕರಲ್ಲಿ ವಿಚಾರಿಸಿಕೊಳ್ಳಿ. ತಾಳಮದ್ದಳೆ ಗೊತ್ತಿಲ್ಲದ ಊರಿನಲ್ಲಿ ಅಲ್ಲಿನ ದೊಡ್ಡಾಟ, ಸಣ್ಣಾಟಗಳಲ್ಲಿ ಇಂಥ ಆಶುಮಾತಿಗೆ ಎಷ್ಟು ಜಾಗವಿದೆ ಎಂದು ಬಲ್ಲವರನ್ನು ಕೇಳಿ, ಹೊಂದುವ ಉದಾಹರಣೆ ಆರಿಸಿಕೊಳ್ಳಿ. ನಿಮ್ಮ ನಿಲುವೇನು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಬರಹ ಒಪ್ಪಿಸಿದ ಮೇಲೆ ಮಾತ್ರ ಹೇಳಿ. ಗೇಮ್ ಕಲೆಯಾಗಬಲ್ಲದು, ಆದರೆ ಮೊಬೈಲಿನಲ್ಲಿರುವ ಎಲ್ಲ ಗೇಮ್ ಕಲೆಯಲ್ಲ ಎಂದು ನಾನು ಹೇಳಿದೆ. ಕೌರವನ ಮಾತೆತ್ತಿದ ಹುಡುಗಿ ಒಪ್ಪಲಿಲ್ಲ. ಅವಳ ಬರಹಕ್ಕೆ ಎಂಟಕ್ಕೆ ಎಂಟು ಅಂಕ ಬಂದಿತ್ತು.