ಮೈಯಲ್ಲಿ ಕಬ್ಬಿಣ ಹೆಚ್ಚಾದರೆ



ನೀರು ಬಸಿದು ಹೋಗದ ತಗ್ಗು ಗದ್ದೆಯಲ್ಲಿ ಭತ್ತದ ಪೈರು ಒಮ್ಮೊಮ್ಮೆ ಕಂಚಿನ ಬಣ್ಣಕ್ಕೆ ತಿರುಗುವುದನ್ನು ಮಲೆನಾಡಿನ ಮತ್ತು ಕರಾವಳಿಯ ರೈತರು ಬಲ್ಲರು. ಎಲೆಯ ತುದಿಯಲ್ಲಿ ಸಣ್ಣ ಕಂದು ಚುಕ್ಕೆಗಳೆದ್ದು ಕೆಳಕ್ಕೆ ಹರಡುತ್ತವೆ. ಇದು ಹುಳುವಿನ ಕಾಟವಲ್ಲ. ನಿಂತ ನೀರಿನಡಿಯಲ್ಲಿ ಗಾಳಿಯಾಡದೆ ಕೆಂಪು ಮಣ್ಣಿನ ಕಬ್ಬಿಣ ಕರಗಿ, ಬೇರಿನ ಮೂಲಕ ಎಲೆಗೇರಿ, ಅದನ್ನು ಒಳಗಿನಿಂದ ಸುಡುತ್ತದೆ. ಪೈರಿಗೆ ಕಬ್ಬಿಣ ಬೇಕು, ಆದರೆ ಇಷ್ಟು ಬೇಡ. ಮನುಷ್ಯನ ಮೈಗೂ ಇದೇ ಮಾತು ಸಲ್ಲುತ್ತದೆ.

ದೊಡ್ಡವರ ಮೈಯಲ್ಲಿ 3 ರಿಂದ 4 ಗ್ರಾಂ ಕಬ್ಬಿಣ ಇರುತ್ತದೆ. ಅದರ ಹೆಚ್ಚಿನ ಪಾಲು ರಕ್ತದ ಕೆಂಪು ಕಣಗಳಲ್ಲಿದ್ದು, ಉಸಿರಾಡಿದ ಆಮ್ಲಜನಕವನ್ನು ಹೊರುತ್ತದೆ. ಮಿಕ್ಕದ್ದನ್ನು ದೇಹವು ಕಣಜದಲ್ಲಿ ಕಾಳು ತುಂಬುವಂತೆ ಒಂದು ಬಗೆಯ ಪ್ರೋಟೀನಿನೊಳಗೆ ಕೂಡಿಡುತ್ತದೆ. ರಕ್ತದಲ್ಲಿ ಸಾಗಿಸುವಾಗಲೂ ಇನ್ನೊಂದು ಪ್ರೋಟೀನೆಂಬ ಬಂಡಿಗೆ ಬಿಗಿದೇ ಸಾಗಿಸುತ್ತದೆ. ಇಷ್ಟು ಕಾವಲೇಕೆ?

ಏಕೆಂದರೆ ಬಿಡಿ ಕಬ್ಬಿಣ ಕೆಂಡವಿದ್ದಂತೆ. ಜೀವಕೋಶಗಳು ದುಡಿಯುವಾಗ ಹೈಡ್ರೋಜನ್ ಪೆರಾಕ್ಸೈಡ್ ಎಂಬ ವಸ್ತು ತುಸುತುಸುವೇ ಹುಟ್ಟುತ್ತಿರುತ್ತದೆ. ಬಿಡಿ ಕಬ್ಬಿಣ ಇದಕ್ಕೆ ತಗುಲಿದರೆ ಬಹಳ ಉಗ್ರವಾದ ಕಣಗಳು ಉಂಟಾಗಿ, ಕೋಶದ ಸುತ್ತಲಿನ ಕೊಬ್ಬಿನ ಪೊರೆಯನ್ನು ಕೆಡಿಸುತ್ತವೆ. ಹಳೆಯ ಎಣ್ಣೆ ಕಮಟಾಗುವುದೂ ಇದೇ ಬಗೆಯ ಕ್ರಿಯೆ. ಕೆಟ್ಟ ಕೋಶಗಳನ್ನು ತೆಗೆಯಲು ರಕ್ತದ ಬಿಳಿ ಕಣಗಳು ಮುತ್ತಿಕೊಂಡು ಅಲ್ಲಿ ಉರಿಯೂತವಾಗುತ್ತದೆ. ವರ್ಷಗಟ್ಟಲೆ ಹೀಗಾದರೆ ಪಿತ್ತಜನಕಾಂಗ (ಲಿವರ್) ಕಲೆಗಟ್ಟಿ ಗಡುಸಾಗುತ್ತದೆ, ಹೃದಯ ಸೋಲುತ್ತದೆ, ಸಕ್ಕರೆ ಕಾಯಿಲೆಯೂ ಬರಬಹುದು. ತಲಸ್ಸೇಮಿಯಾ ರೋಗಕ್ಕಾಗಿ ಪದೇ ಪದೇ ರಕ್ತ ಹಾಕಿಸಿಕೊಳ್ಳುವ ಮಕ್ಕಳಿಗೆ ಈ ಅಪಾಯವುಂಟು. ಒಂದು ಚೀಲ ರಕ್ತದೊಡನೆ 200 ಮಿಲಿಗ್ರಾಂಗೂ ಹೆಚ್ಚು ಕಬ್ಬಿಣ ಒಳಹೋಗುತ್ತದೆ. ಹೆಚ್ಚಾದ ಉಪ್ಪನ್ನು ಮೂತ್ರದಲ್ಲಿ ಕಳೆಯಬಲ್ಲ ದೇಹಕ್ಕೆ ಹೆಚ್ಚಾದ ಕಬ್ಬಿಣವನ್ನು ಕಳೆಯುವ ದಾರಿಯಿಲ್ಲ. ದಿನಕ್ಕೆ 1-2 ಮಿಲಿಗ್ರಾಂ ಹೋದರೆ ಅದೇ ದೊಡ್ಡದು.

ಆದ್ದರಿಂದ ಕರುಳೇ ಬಾಗಿಲು ಕಾಯುತ್ತದೆ. ಸೊಪ್ಪು, ಕಾಳು, ರಾಗಿ ತಿನ್ನುವ ಆರೋಗ್ಯವಂತರಿಗೆ ಹೆದರಿಕೆ ಬೇಡ. ಬಾಗಿಲು ಮುರಿಯುವುದು ಮಾತ್ರೆಗಳನ್ನು ಒಮ್ಮೆಗೇ ನುಂಗಿದಾಗ.

ಬಸುರಿಯರಿಗೆ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿದೆ. ದಿನಕ್ಕೊಂದರಂತೆ 180 ದಿನ ಅದನ್ನು ತಪ್ಪದೆ ತೆಗೆದುಕೊಳ್ಳಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15 ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು. ಈ ಲೇಖನ ಓದಿ ಯಾರೂ ಮಾತ್ರೆ ಬಿಡತಕ್ಕದ್ದಲ್ಲ. ನಿನ್ನೆ ಮರೆತಳೆಂದು ಸೊಸೆಗೆ ಇಂದು ಎರಡು ಮೂರು ನುಂಗಿಸುವ ಅತ್ತೆಯರೂ ಉಂಟು. ಅದು ಬೇಡ. ಮರೆತದ್ದು ಮರೆತುಹೋಯಿತು, ಇಂದು ಒಂದೇ.

ನನಗೆ ಹೆಚ್ಚು ಭಯವಿರುವುದು ಚಿಕ್ಕ ಮಕ್ಕಳ ವಿಷಯದಲ್ಲಿ. ಮಾತ್ರೆಯ ಮೇಲೆ ಸಕ್ಕರೆಯ ಲೇಪವಿದೆ, ಬಣ್ಣ ಕೆಂಪು. ಮಗುವಿಗೆ ಅದು ಮಿಠಾಯಿ. 10 ಕಿಲೋ ತೂಕದ ಮಗು ಮೂರು ನಾಲ್ಕು ಮಾತ್ರೆ ತಿಂದರೆ ವಾಂತಿಭೇದಿ ಆಗಬಹುದು. ಹತ್ತು ತಿಂದರೆ ಪ್ರಾಣಕ್ಕೇ ಕುತ್ತು. ಮೊದಲ ಆರು ಗಂಟೆಯೊಳಗೆ ವಾಂತಿ, ಹೊಟ್ಟೆನೋವು, ಕೆಲವು ವೇಳೆ ರಕ್ತ ಕಾಣಿಸುತ್ತದೆ. ಆಮೇಲೆ ಮಗು ಚೇತರಿಸಿಕೊಂಡಂತೆ ತೋರಿ ಆಟಕ್ಕೂ ಇಳಿಯಬಹುದು. ಇದನ್ನು ನಂಬಿ ಮನೆಯಲ್ಲಿ ಕೂರಬೇಡಿ. ಬಂಡಿಗಳೆಲ್ಲ ತುಂಬಿ ಚೆಲ್ಲಿದ ಕಬ್ಬಿಣ ಆ ಹೊತ್ತಿನಲ್ಲೇ ಒಳಗೆ ಸುಡುತ್ತಿರುತ್ತದೆ. ಮುಂದಿನ ಒಂದೆರಡು ದಿನಗಳಲ್ಲಿ ಪಿತ್ತಜನಕಾಂಗ ಸೋಲಬಹುದು.

ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಮಾತ್ರೆಯ ಖಾಲಿ ಪಟ್ಟಿಯನ್ನೂ ಜೊತೆಗೆ ಹಿಡಿದುಕೊಂಡು ಕೂಡಲೇ ದೊಡ್ಡ ಆಸ್ಪತ್ರೆಗೆ ಹೊರಡಿ. ಗಾಡಿ ಇಲ್ಲದಿದ್ದರೆ 108ಕ್ಕೆ ಕರೆಮಾಡಿ. ಬಿಡಿ ಕಬ್ಬಿಣವನ್ನು ಹಿಡಿದು ಮೂತ್ರದಲ್ಲಿ ಕಳೆಯುವ ಔಷಧವುಂಟು, ಅದು ಬೇಗ ಸಿಗಬೇಕು.

ಬೆಳೆಗೆ ಹೊಡೆಯುವ ಔಷಧವನ್ನು ನೀವು ಬೀಗ ಹಾಕಿ ಇಡುತ್ತೀರಿ. ಕೆಂಪು ಮಾತ್ರೆಯ ಪಟ್ಟಿ ಮಾತ್ರ ದೀಪದ ಗೂಡಿನಲ್ಲೋ ತಲೆದಿಂಬಿನಡಿಯಲ್ಲೋ ಬಿದ್ದಿರುತ್ತದೆ. ಇಂದೇ ಅದನ್ನು ಮಗುವಿನ ಕೈಗೆಟುಕದ ಎತ್ತರದಲ್ಲಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಇಡಿ.