ಎದುರು ದಡದವರ ಪರವಾಗಿ ಮಾತಾಡುತ್ತ

ಮೈಸೂರಿನಲ್ಲಿ ಎಂ.ಎ. ಓದುವಾಗ ನಾವು ಕೆಲವರು ಸೇರಿ ಸಂಘರ್ಷ ಪರಿಹಾರದ ಅಧ್ಯಯನಕ್ಕೆಂದೇ ಒಂದು ಗುಂಪು ಕಟ್ಟಿಕೊಂಡಿದ್ದೆವು. ರಾಜ್ಯಶಾಸ್ತ್ರ, ಕಾನೂನು, ಸಮಾಜಕಾರ್ಯ ಓದುವವರೆಲ್ಲ ಅದರಲ್ಲಿದ್ದೆವು. ತರಗತಿ ಮುಗಿದ ಮೇಲೆ ಖಾಲಿ ಕೊಠಡಿಯೊಂದರಲ್ಲಿ ಕೂರುತ್ತಿದ್ದೆವು. ಇಂಥ ಗುಂಪು ಕಟ್ಟಬೇಕೆನ್ನುವ ವಿದ್ಯಾರ್ಥಿಗಳು ಈಗ ಸಿಕ್ಕಾಗ ನಾನು ಮೊದಲು ಹೇಳುವ ಮಾತು ಇದು: ಶಾಂತಿಯ ಮೇಲೆ ಉಪನ್ಯಾಸ ಇಡಿಸುವ ಮುಂಚೆ, ನಿಮ್ಮ ಮನೆಯವರಿಗೇ ಬಿಸಿ ತಟ್ಟಿರುವ ಜಗಳವೊಂದನ್ನು ಎತ್ತಿಕೊಳ್ಳಿ.

ನಾವು ಎತ್ತಿಕೊಂಡದ್ದು ಕರ್ನಾಟಕ, ತಮಿಳುನಾಡುಗಳ ಕಾವೇರಿ ಜಗಳವನ್ನು. ಮಂಡ್ಯ, ಮದ್ದೂರಿನ ರೈತರ ಮಕ್ಕಳು ಗುಂಪಿನಲ್ಲಿದ್ದರು. ಹನೂರಿನ ಕಡೆಯವಳಾದ, ಮನೆಯಲ್ಲಿ ತಮಿಳಾಡುವ ಗೆಳತಿಯೂ ಇದ್ದಳು. 1991ರ ಡಿಸೆಂಬರ್‌ನ ಕಾವೇರಿ ಗಲಭೆಯ ಬಗ್ಗೆ ಅವಳ ಮನೆಯಲ್ಲಿ ಕೇಳಿಬರುವ ಮಾತೇ ಬೇರೆ, ಮಂಡ್ಯದ ಮನೆಗಳ ಮಾತೇ ಬೇರೆ. ಆದ್ದರಿಂದ ಪಾತ್ರಗಳನ್ನು ಅದಲುಬದಲು ಮಾಡಿದೆವು. ಮದ್ದೂರಿನವನು ತಂಜಾವೂರಿನ ರೈತ, ಹನೂರಿನವಳು ಮಂಡ್ಯದ ರೈತ ಮಹಿಳೆ. ನಿಯಮ ಒಂದೇ. ಎದುರಿನವರು ಹೇಳಿದ್ದನ್ನು ಅವರು 'ಹೌದು, ಇದೇ ನನ್ನ ಮಾತು' ಎಂದು ಒಪ್ಪುವ ಹಾಗೆ ತಿರುಗಿ ಹೇಳಬೇಕು, ಆಮೇಲಷ್ಟೇ ಉತ್ತರ ಕೊಡಬೇಕು.

ಇದು ಎಷ್ಟು ಕಷ್ಟ ಎಂಬುದು ಮಾಡಿ ನೋಡಿದವರಿಗೇ ಗೊತ್ತು. ರೋಜರ್ ಫಿಷರ್ ಮತ್ತು ವಿಲಿಯಂ ಯೂರಿ 1981ರಲ್ಲಿ ಬರೆದ 'ಗೆಟ್ಟಿಂಗ್ ಟು ಯೆಸ್' ಪುಸ್ತಕವನ್ನು ಓದಿಕೊಂಡೇ ಕೂತಿದ್ದೆವು. ಬೇಡಿಕೆಗೆ ಅಂಟಿಕೊಳ್ಳದೆ ಅದರ ಹಿಂದಿನ ಅಗತ್ಯವನ್ನು ಹುಡುಕಿ ಎನ್ನುತ್ತಾರೆ ಅವರು. 'ನೀರು ಬಿಡಿ', 'ಬಿಡೋದಿಲ್ಲ' ಎಂಬುದು ಬೇಡಿಕೆಯಾಯಿತು. ಅಗತ್ಯ ಯಾವುದೆಂದು ಹುಡುಕಲು ಹೊರಟ ಮದ್ದೂರಿನ ಗೆಳೆಯ ತಂಜಾವೂರಿನ ಮುಖಜಭೂಮಿಯ ಬೇಸಾಯದ ಪಂಚಾಂಗವನ್ನೇ ಕಲಿತುಕೊಂಡು ಬಂದ. ಅಲ್ಲಿ ಕುರುವೈ ಭತ್ತದ ಬೆಳೆ ಶುರುವಾಗುವುದು ಜೂನ್‌ನಲ್ಲಿ. ಮೆಟ್ಟೂರು ಅಣೆಕಟ್ಟೆಯಿಂದ ಜೂನ್ 12ಕ್ಕೆ ನೀರು ಬಿಡುವುದು ವಾಡಿಕೆ. ನಮ್ಮ ಕೊಡಗಿನಲ್ಲಿ ಮುಂಗಾರು ಹಿಡಿಯುವುದೂ ಆಗಲೇ, ಕನ್ನಂಬಾಡಿ ಕಟ್ಟೆ ಆಗಿನ್ನೂ ತುಂಬಿರುವುದಿಲ್ಲ. ಅವರ ಕಡೆಯ ಹಿಂಗಾರು ಬರುವುದು ಅಕ್ಟೋಬರ್‌ಗೆ. "ಅಲ್ಲ ಕಣೆ, ಜೂನಲ್ಲಿ ನೀರು ಬರ್ಲಿಲ್ಲ ಅಂದ್ರೆ ನಾನು ಕುರುವೈ ಆಸೆ ಬಿಟ್ಟಂಗೇ" ಎಂದು ಅವನು ಹೇಳಿದಾಗ ಕೊಠಡಿಯಲ್ಲಿ ಯಾರೂ ನಗಲಿಲ್ಲ.

ಸುಪ್ರೀಂ ಕೋರ್ಟ್ 2018ರಲ್ಲಿ ಗಡಿಯ ಬಿಳಿಗುಂಡ್ಲುವಿನಲ್ಲಿ ಕರ್ನಾಟಕ ತಮಿಳುನಾಡಿಗೆ ಹರಿಸಬೇಕಾದ ನೀರನ್ನು 192ರಿಂದ 177.25 ಟಿಎಂಸಿಗೆ ಇಳಿಸಿತು. ಪತ್ರಿಕೆಯಲ್ಲಿ ನಾವೆಲ್ಲ ಓದಿದ್ದು ಈ ಒಟ್ಟು ಲೆಕ್ಕವನ್ನು. ಸಂಧಾನಕ್ಕೆ ಕೂತವರಿಗೆ ಬೇಕಾದದ್ದು ತಿಂಗಳವಾರು ಲೆಕ್ಕ. ಜೂನ್‌ಗೆ 9.19, ಜುಲೈಗೆ 31.24. ಒಳ್ಳೆಯ ಮಳೆಯಾದ ವರ್ಷ ಈ ಅಂಕಿಗಳನ್ನು ಯಾರೂ ಕೇಳುವುದೇ ಇಲ್ಲ. ಮಳೆ ಕೈಕೊಟ್ಟ ವರ್ಷ ಕೊರತೆಯನ್ನು ಹಂಚಿಕೊಳ್ಳುವುದು ಹೇಗೆ? ಎರಡೂ ಕಡೆಯವರು ಒಪ್ಪಿದ ಸೂತ್ರ ಇಲ್ಲದಿರುವುದು ಅದಕ್ಕೇ. ಜಗಳದ ಗಂಟು ಎಲ್ಲಿದೆ ಎಂದು ಇಷ್ಟು ಸ್ಪಷ್ಟವಾಗಿ ನನಗೆ ಯಾವ ಪಠ್ಯವೂ ತೋರಿಸಿರಲಿಲ್ಲ.

2003ರಲ್ಲಿ ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಎಸ್. ಜನಕರಾಜನ್ ಅವರ ಪ್ರಯತ್ನದಿಂದ ಎರಡೂ ರಾಜ್ಯಗಳ ರೈತರು 'ಕಾವೇರಿ ಕುಟುಂಬ' ಎಂದು ಸೇರಿದ್ದರು, ಒಬ್ಬರ ಸೀಮೆಗೆ ಇನ್ನೊಬ್ಬರು ಹೋಗಿ ನೋಡಿ ಬಂದಿದ್ದರು. ವಿವಾದ ಅದರಿಂದ ಮುಗಿಯಲಿಲ್ಲ, ನಿಜ. ಆದರೂ ಸರ್ಕಾರಗಳು ಕೋರ್ಟಿನಲ್ಲಿ ಎದುರುಬದುರು ನಿಂತಿರುವಾಗಲೇ ರೈತರು ಕೂತು ಮಾತಾಡಿದ್ದನ್ನು ನಮ್ಮ ವಿಶ್ವವಿದ್ಯಾಲಯಗಳು ಪಾಠವಾಗಿ ಕಲಿಸಬೇಕೆಂದು ನಾನು ಬಲವಾಗಿ ನಂಬಿದ್ದೇನೆ.

ಗುಂಪಿನಲ್ಲಿ ಎಲ್ಲರಿಗೂ ಸಂಧಾನ ಹಿತವೆನಿಸಲಿಲ್ಲ. ದಲಿತ ಕೇರಿಯಿಂದ ಬಂದ ಗೆಳೆಯನೊಬ್ಬ ನೇರವಾಗಿಯೇ ಹೇಳಿದ: "ನಮ್ಮೂರಲ್ಲಿ ರಾಜಿ ಅಂದ್ರೆ ನಮ್ಮೋರು ಕೇಸು ವಾಪಸ್ ತಗೊಳ್ಳೋದು." ದೌರ್ಜನ್ಯ ತಡೆ ಕಾಯ್ದೆ 1989ರಲ್ಲೇ ಬಂದಿದೆ. ದೂರು ಕೊಟ್ಟವರನ್ನು ಊರ ಮುಖಂಡರು ಕರೆಸಿ 'ಊರು ಒಂದಾಗಿರಲಿ' ಎನ್ನುವುದು ಮಾತ್ರ ನಿಂತಿಲ್ಲ. ಶಾಂತಿ ಅಧ್ಯಯನದ ಚಿಂತಕ ಯೋಹಾನ್ ಗಾಲ್ಟುಂಗ್ ಅವರನ್ನು ನಾವು ನಿಜವಾಗಿ ಓದಿದ್ದು ಅವತ್ತಿನಿಂದ. ಹೊಡೆದಾಟ ನಿಂತರಷ್ಟೇ ಶಾಂತಿಯಲ್ಲ, ಅನ್ಯಾಯದ ವ್ಯವಸ್ಥೆ ಹೋಗಬೇಕು ಎಂದವರು ಅವರು. ಸಂಧಾನಕ್ಕೆ ಕೂರುವ ಇಬ್ಬರಲ್ಲಿ ಒಬ್ಬನಿಗೆ ಎದ್ದು ಹೋಗುವ ಧೈರ್ಯವೇ ಇಲ್ಲದಿದ್ದರೆ ಅಲ್ಲಿ ಸಂಧಾನಕಾರನಿಗೆ ಕೆಲಸವಿಲ್ಲ, ಕೆಲಸ ಇರುವುದು ವಕೀಲನಿಗೆ. ಈ ತೀರ್ಮಾನಕ್ಕೆ ಬರಲು ನಮಗೆ ಸಾಕಷ್ಟು ಸಂಜೆಗಳು ಬೇಕಾದವು. ಇವತ್ತಿಗೂ ಅದನ್ನು ಬದಲಿಸುವ ಕಾರಣ ನನಗೆ ಕಂಡಿಲ್ಲ.

ಕಾವೇರಿಗೆ ಮರಳಿದಾಗ, ಮಾತುಕತೆಯಲ್ಲಿ ಯಾರ ದನಿ ಕೇಳುತ್ತಿಲ್ಲ ಎಂಬ ಪ್ರಶ್ನೆ ಅಲ್ಲಿಯೂ ಎದ್ದಿತು. ಬೆಂಗಳೂರಿನ ಹುಡುಗ ತನ್ನ ನಗರದ ಕುಡಿಯುವ ನೀರಿನ ಪರ ಯಾರೂ ಮಾತಾಡಲಿಲ್ಲ ಎಂದ. ಅವನ ಮಾತಿಗೆ ಆಧಾರವಿತ್ತು, 2018ರ ತೀರ್ಪಿನಲ್ಲಿ ಅದಕ್ಕೆಂದೇ 4.75 ಟಿಎಂಸಿ ಹೆಚ್ಚು ಸಿಕ್ಕಿದೆ. ಆಗ ಶ್ರೀರಂಗಪಟ್ಟಣದ ಹುಡುಗಿಯೊಬ್ಬಳು ಕೇಳಿದಳು: "ಬೆಳೆ ಹೋದ್ರೆ ಪಹಣಿ ಇದ್ದೋರಿಗೆ ಪರಿಹಾರ ಬರುತ್ತೆ. ನಾಟಿ ಕೂಲಿಗೆ ಹೋಗೋ ನಮ್ಮಮ್ಮನಿಗೆ?" ಮಂಡ್ಯದ ಕೂಲಿ, ತಂಜಾವೂರಿನ ಕೂಲಿ ಎಂದು ಎರಡು ಹೊಸ ಪಾತ್ರಗಳನ್ನು ಅವತ್ತೇ ಸೇರಿಸಿ, ಮುಂದಿನ ವರ್ಷದವರಿಗೆ ಕೊಟ್ಟ ಪಟ್ಟಿಯಲ್ಲಿ ಅವೆರಡನ್ನೂ ಎಲ್ಲಕ್ಕಿಂತ ಮೇಲೆ ಬರೆದೆವು.